ಏರು ಹತ್ತೋದು ಬರುತ್ತೆ, ಇಳಿಯೋದು ಕಲೀರಿ: ಕೊಡಗಿನ ತೋಟದ ದಾರೀಲಿ ಮೌಂಟನ್ ಬೈಕ್ ರೇಸಿಗೆ ತಯಾರಾಗೋದು ಹೇಗೆ

ನಮ್ಮ ಕೊಡಗಲ್ಲಿ ಸೈಕಲ್ ತುಳಿಯೋ ಹುಡುಗ್ರಿಗೆ ಏರು ಹತ್ತೋದನ್ನ ಯಾರೂ ಹೇಳಿಕೊಡಬೇಕಾಗಿಲ್ಲ, ಹಾಲು ತರೋಕೆ ಹೋದ್ರೂ ಒಂದು ಏರು, ಬಸ್ ಸ್ಟಾಪಿಗೆ ಹೋದ್ರೂ ಒಂದು ಏರು. ಆದ್ರೂ ಮೊದಲ್ನೇ ಮೌಂಟನ್ ಬೈಕ್ ರೇಸಲ್ಲಿ ನಮ್ಮವರು ಹಿಂದೆ ಬೀಳ್ತಾರೆ, ಅದೂ ಇಳಿಜಾರಲ್ಲಿ. ಸುಂಟಿಕೊಪ್ಪದ ಕಡೆ ಪಿಯುಸಿ ಓದೋ ಹುಡುಗ ಒಬ್ಬ ನನ್ನ ಜೊತೆ ಪ್ರಾಕ್ಟೀಸಿಗೆ ಬರ್ತಾನೆ. ಏರಲ್ಲಿ ಅವನ ಬೆನ್ನು ಕೂಡ ನಂಗೆ ಕಾಣಲ್ಲ, ಅಷ್ಟು ಮುಂದೆ ಹೋಗಿರ್ತಾನೆ, ಆದ್ರೆ ತೋಟದ ಒಳಗಿಂದ ಕೆರೆ ಕಡೆ ಇಳಿಯೋ ಜಾಗ ಬಂದ ತಕ್ಷಣ ಎರಡೂ ಬ್ರೇಕು ಗಟ್ಟಿ ಹಿಡ್ಕೊಂಡು, ಕೈ ಸೆಟೆಸ್ಕೊಂಡು, ಮುಂದಿನ ಚಕ್ರದ ಬುಡಾನೇ ನೋಡ್ಕೊಂಡು ಇಳೀತಾನೆ. "ಅಣ್ಣ, ಚಕ್ರ ಜಾರ್ತಾ ಇದೆ" ಅಂದ. "ಚಕ್ರ ತಿರುಗ್ತಾನೇ ಇಲ್ವಲ್ಲೋ, ಜಾರದೆ ಇನ್ನೇನು ಮಾಡುತ್ತೆ" ಅಂದೆ ನಾನು.

ಅದಕ್ಕೇ ಈ ಬರಹದಲ್ಲಿ ಇಳಿಯೋದಕ್ಕೆ, ಬ್ರೇಕಿಗೆ, ಟೈರಿಗೆ ಜಾಸ್ತಿ ಜಾಗ ಕೊಟ್ಟಿದೀನಿ. ಹೊಸಬರು ದುಡ್ಡು ಹಾಕೋದೂ ಇಲ್ಲೇ ಮೊದಲು ಹಾಕ್ಬೇಕು, ಟೈಮ್ ಕೊಡೋದೂ ಇಲ್ಲೇ ಮೊದಲು ಕೊಡ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಯಾವ ರೇಸು ಅಂತ ನೋಡ್ಕೊಳ್ಳಿ

ಮೌಂಟನ್ ಬೈಕ್ ರೇಸ್ ಅಂದ್ರೆ ಒಂದೇ ಥರ ಅಲ್ಲ. ಡೌನ್‌ಹಿಲ್ ಅಂದ್ರೆ ಮೇಲಿಂದ ಕೆಳಗೆ ಒಬ್ಬೊಬ್ರೇ ಗಡಿಯಾರದ ವಿರುದ್ಧ ಇಳಿಯೋದು, ಅದಕ್ಕೆ ಬೈಕೇ ಬೇರೆ, ಪೂರ್ತಿ ಮುಖ ಮುಚ್ಚೋ ಹೆಲ್ಮೆಟ್ ಬೇಕು, ಹೊಸಬರಿಗೆ ಬೇಡ. ಎಂಡ್ಯೂರೋದಲ್ಲಿ ಇಳಿಜಾರಿಗೆ ಮಾತ್ರ ಟೈಮ್ ಲೆಕ್ಕ, ಏರನ್ನ ನಿಧಾನಕ್ಕೆ ಹತ್ತಿಕೊಂಡು ಹೋಗಬಹುದು. ಮ್ಯಾರಥಾನ್ ಅಂದ್ರೆ ಒಂದೇ ಉದ್ದದ ದಾರಿ, ಗಂಟೆಗಟ್ಟಲೆ ತುಳಿಯೋದು. ನಾವು ಶುರು ಮಾಡ್ಬೇಕಾಗಿರೋದು ಕ್ರಾಸ್ ಕಂಟ್ರಿಯಿಂದ, ಅಂದ್ರೆ ಎಕ್ಸ್‌ಸಿ. 1996ರ ಅಟ್ಲಾಂಟಾ ಒಲಿಂಪಿಕ್ಸಿಂದ ಒಲಿಂಪಿಕ್ಸಲ್ಲೂ ಇರೋದು ಇದೇ. ಸುಮಾರು 4ರಿಂದ 6 ಕಿಲೋಮೀಟರ್‌ನ ಒಂದು ಸುತ್ತು ಇರುತ್ತೆ, ಅದನ್ನ ಎಲ್ಲರೂ ಒಟ್ಟಿಗೆ ಶುರು ಮಾಡಿ ಇಷ್ಟು ಸಲ ಅಂತ ಸುತ್ತಬೇಕು. ದೊಡ್ಡವರು ಒಂದೂವರೆ ಗಂಟೆ ಹತ್ತಿರ ಓಡಿಸ್ತಾರೆ, ಹೊಸಬರ ಕ್ಯಾಟಗರಿ ಇದ್ರೆ ಒಂದೋ ಎರಡೋ ಸುತ್ತಲ್ಲಿ ಮುಗಿಯುತ್ತೆ.

ವಯಸ್ಸಿನ ಲೆಕ್ಕ ಒಂದು ತಿಳ್ಕೊಂಡಿರಿ. ಸೈಕ್ಲಿಂಗಲ್ಲಿ ಹುಟ್ಟಿದ ದಿನ ನೋಡಲ್ಲ, ಆ ವರ್ಷ ಡಿಸೆಂಬರ್ 31ಕ್ಕೆ ಎಷ್ಟು ತುಂಬುತ್ತೆ ಅಂತ ನೋಡ್ತಾರೆ. 17-18 ಜೂನಿಯರ್, 19ರಿಂದ 22 ಅಂಡರ್ 23, ಆಮೇಲೆ ಎಲೀಟ್. ಊರ ಕಡೆ ನಡೆಯೋ ಓಪನ್ ರೇಸಿಗೆ ಆಧಾರ್ ಕಾರ್ಡು, ಒಂದು ಒಪ್ಪಿಗೆ ಪತ್ರ ಸಾಕಾಗುತ್ತೆ ಸಾಮಾನ್ಯವಾಗಿ, 18 ತುಂಬದೇ ಇದ್ರೆ ಅಪ್ಪ ಅಮ್ಮನ ಸಹಿ ಬೇಕು. ರಾಷ್ಟ್ರ ಮಟ್ಟಕ್ಕೆ ಹೋಗೋ ಆಸೆ ಇದ್ರೆ ಮಾತ್ರ ರಾಜ್ಯದ ಸೈಕ್ಲಿಂಗ್ ಸಂಸ್ಥೆ ಮೂಲಕಾನೇ ಹೋಗ್ಬೇಕು, ಅದು ಆಮೇಲಿನ ಮಾತು.

ಬೈಕು

ಮೊದಲ ಬೈಕಿಗೆ ಸಾಲ ಮಾಡ್ಬೇಡಿ. ಮುಂದೆ ಮಾತ್ರ ಸಸ್ಪೆನ್ಷನ್ ಇರೋ ಹಾರ್ಡ್‌ಟೇಲ್ ತಗೊಳ್ಳಿ, 29 ಇಂಚು ಅಥವಾ 27.5 ಇಂಚಿನ ಚಕ್ರ, 100 ಮಿಲಿಮೀಟರ್ ಆಡೋ ಫೋರ್ಕು (ಮುಂದಿನ ಚಕ್ರ ಹಿಡಿದಿರೋ ಕವಲು), ಮತ್ತೆ ಹೈಡ್ರಾಲಿಕ್ ಡಿಸ್ಕ್ ಬ್ರೇಕು. ಈ ಹೈಡ್ರಾಲಿಕ್ ಅನ್ನೋದನ್ನ ಮಾತ್ರ ಬಿಟ್ಟುಕೊಡಬೇಡಿ, ಕೇಬಲ್ ಎಳೆಯೋ ಡಿಸ್ಕು ನಮ್ಮ ಕೆಸರಲ್ಲಿ ಎರಡೇ ವಾರಕ್ಕೆ ಬಿಗಿಯಾಗಿ ಬೆರಳು ನೋಯುತ್ತೆ, ಉದ್ದ ಇಳಿಜಾರಲ್ಲಿ ಕೈ ಸೋತು ಹೋಗುತ್ತೆ. ಅಂಗಡೀಲಿ ಹದಿನೈದು ಸಾವಿರಕ್ಕೆ ಮುಂದೆ ಹಿಂದೆ ಎರಡೂ ಕಡೆ ಸ್ಪ್ರಿಂಗ್ ಹಾಕಿರೋ ಬೈಕು ನೇತು ಹಾಕಿರ್ತಾರೆ, ನೋಡೋಕೆ ಚೆಂದ, ತೂಕ ಜಾಸ್ತಿ, ತುಳಿದ ಶಕ್ತಿ ಎಲ್ಲಾ ಆ ಸ್ಪ್ರಿಂಗಿಗೇ ಹೋಗುತ್ತೆ. ಬೇಡ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದು ಒಳ್ಳೇ ದಾರಿ, ಬೆಂಗಳೂರು ಮೈಸೂರಲ್ಲಿ ತಗೊಂಡು ಎರಡು ಸಲ ಓಡಿಸಿ ಬಾಲ್ಕನೀಲಿ ಇಟ್ಟಿರೋ ಬೈಕು ಎಷ್ಟೋ ಸಿಗುತ್ತೆ. ನೋಡೋವಾಗ ಹ್ಯಾಂಡಲ್ ಕೆಳಗೆ ಫ್ರೇಮ್ ಸೇರೋ ಜಾಗದಲ್ಲಿ ಬೆರಳು ಆಡಿಸಿ, ಕೂದಲಿನಷ್ಟು ಬಿರುಕು ಇದ್ರೂ ಬಿಟ್ಟು ಬನ್ನಿ. ಫೋರ್ಕಿನ ಹೊಳೆಯೋ ಕಾಲಿನ ಮೇಲೆ ಉಗುರಿಗೆ ಸಿಗೋ ಗೀರು ಇರಬಾರ್ದು, ಇದ್ರೆ ಆಯಿಲ್ ಸೋರುತ್ತೆ. ಮುಂದಿನ ಬ್ರೇಕು ಹಿಡಿದು ಬೈಕನ್ನ ಹಿಂದೆ ಮುಂದೆ ಅಲ್ಲಾಡಿಸಿ, ಟಕ್ ಟಕ್ ಅಂದ್ರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗೋ ಜಾಗದ ಬೇರಿಂಗ್) ಸಡಿಲ, ಅದನ್ನ ಸರಿ ಮಾಡಬಹುದು. ಪೆಡ್ಲಿನ ತೋಳು ಹಿಡಿದು ಪಕ್ಕಕ್ಕೆ ಎಳೆದಾಗ ಆಡಿದ್ರೆ ಬೇರಿಂಗ್ ಖರ್ಚಿದೆ ಅಂತ ಅರ್ಥ, ಅಷ್ಟು ದುಡ್ಡು ಕಮ್ಮಿ ಮಾಡಿಸ್ಕೊಳ್ಳಿ.

ಸೈಜು ಮುಖ್ಯ. ಆಫರ್ ಇದೆ ಅಂತ ದೊಡ್ಡ ಫ್ರೇಮ್ ತಗೊಂಡ್ರೆ ಇಳಿಯೋವಾಗ ಹಿಂದಕ್ಕೆ ಸರಿಯೋಕೇ ಆಗಲ್ಲ.

ಹೆಲ್ಮೆಟ್ ಇಲ್ದೆ ಯಾವ ರೇಸಲ್ಲೂ ಬಿಡಲ್ಲ, ಪ್ರಾಕ್ಟೀಸಲ್ಲೂ ನೀವು ಹೋಗಬಾರ್ದು. ಒಂದ್ಸಲ ಜೋರಾಗಿ ತಲೆ ಬಡಿದ ಹೆಲ್ಮೆಟ್ ಹೊರಗಿಂದ ಚೆನ್ನಾಗಿ ಕಂಡ್ರೂ ಅದರ ಕೆಲಸ ಮುಗೀತು, ಬದಲಾಯಿಸಿ. ಪೂರ್ತಿ ಬೆರಳಿನ ಗ್ಲೌಸು, ಬಣ್ಣ ಇಲ್ಲದ ಕನ್ನಡಕ, ಮೊಣಕಾಲಿನ ಪ್ಯಾಡು. ಕಾಫಿ ಗಿಡದ ಮಧ್ಯೆ ಹೋಗೋವಾಗ ಕಪ್ಪು ಕನ್ನಡಕ ಹಾಕ್ಬೇಡಿ, ನೆರಳು ಬಿಸಿಲು ನೆರಳು ಬಿಸಿಲು ಅಂತ ಬದಲಾಗ್ತಾ ಇರುತ್ತೆ, ಹೊಂಡ ಕಾಣಲ್ಲ.

ಟೈರಿನ ಗಾಳಿ

ಇದು ಬಿಟ್ಟಿ ಸಿಗೋ ಸುಧಾರಣೆ, ಆದ್ರೂ ಹತ್ರಲ್ಲಿ ಎಂಟು ಜನ ಮಾಡಲ್ಲ. ನನ್ನ ಮೊದಲ ರೇಸಿಗೆ ನಾನು ಟೈರನ್ನ ಕಲ್ಲಿನ ಥರ ಗಟ್ಟಿ ಮಾಡ್ಕೊಂಡು ಹೋಗಿದ್ದೆ, 45 ಪಿಎಸ್‌ಐ. ಪಿಎಸ್‌ಐ ಅಂದ್ರೆ ಗಾಳಿಯ ಒತ್ತಡದ ಅಳತೆ. ಜೋರಾಗಿ ಓಡುತ್ತೆ ಅಂತ ಅನ್ಕೊಂಡಿದ್ದೆ. ಬೇರಿನ ಮೇಲೆ ಹತ್ತಿದಾಗೆಲ್ಲಾ ಬೈಕು ಚೆಂಡಿನ ಥರ ಪುಟಿದು ಪಕ್ಕಕ್ಕೆ ಹೋಗ್ತಾ ಇತ್ತು, ಎರಡನೇ ಸುತ್ತಲ್ಲಿ ಒದ್ದೆ ಬೇರಿನ ಮೇಲೆ ಮುಂದಿನ ಚಕ್ರ ಹಾರಿ ಎಡಗೈ ಕೆಳಗೆ ಹಾಕಿ ಬಿದ್ದೆ, ಮಣಿಕಟ್ಟು ಊದಿಕೊಂಡು ಆರು ವಾರ ಸೈಕಲ್ ಮುಟ್ಟೋಕೆ ಆಗ್ಲಿಲ್ಲ. ಟೈರು ಮೆತ್ತಗಿದ್ರೆ ಕಲ್ಲು, ಬೇರಿನ ಆಕಾರಕ್ಕೆ ತಗ್ಗಿ ನೆಲಾನ ಹಿಡ್ಕೊಳ್ಳುತ್ತೆ, ಗಟ್ಟಿ ಇದ್ರೆ ಮೇಲಿಂದ ಹಾರುತ್ತೆ. ಅಷ್ಟೇ ವಿಷಯ.

65-70 ಕೆಜಿ ಇರೋರು, 2.25 ಇಂಚು ಅಗಲದ ಟೈರಲ್ಲಿ ಟ್ಯೂಬ್ ಇದ್ರೆ 28ರಿಂದ 32ರ ಮಧ್ಯೆ ಶುರು ಮಾಡಿ, ಟ್ಯೂಬ್‌ಲೆಸ್ ಮಾಡಿಸಿದ್ರೆ 20ರಿಂದ 25ಕ್ಕೆ ಇಳಿಸಬಹುದು, ಮುಂದಿನ ಚಕ್ರಕ್ಕೆ ಯಾವಾಗ್ಲೂ ಹಿಂದಿನದಕ್ಕಿಂತ ಎರಡು ಪಿಎಸ್‌ಐ ಕಮ್ಮಿ. ಕಲ್ಲಿಗೆ ಬಡಿದಾಗ ರಿಮ್ಮು ಟಣ್ ಅಂದ್ರೆ ತುಂಬಾ ಕಮ್ಮಿ ಆಯ್ತು ಅಂತ. ಮಳೆ ದಿನ ಇನ್ನೂ ಒಂದೆರಡು ಇಳಿಸಿ. ಬೆರಳಲ್ಲಿ ಒತ್ತಿ ನೋಡೋದು ಸಾಲದು, ಮೀಟರ್ ಇರೋ ಪಂಪ್ ಒಂದು ಮನೇಲಿ ಇರಲಿ. ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಇದ್ರೆ ನಮ್ಮ ಪಂಕ್ಚರ್ ಅಂಗಡಿ ಪಂಪು ಕೂರಲ್ಲ, ಅದಕ್ಕೆ ಹಾಕೋ ಹಿತ್ತಾಳೆ ಅಡಾಪ್ಟರ್ ಬೆರಳ ತುದಿಯಷ್ಟು ಇರುತ್ತೆ, ಎರಡು ತಗೊಂಡು ಒಂದನ್ನ ಬ್ಯಾಗಲ್ಲೇ ಇಟ್ಟುಬಿಡಿ.

ಈಗ ಬ್ರೇಕು, ಇಳಿಜಾರು

ಊರ ಕ್ರೀಡಾಕೂಟದಲ್ಲಿ ಸ್ಲೋ ಸೈಕಲ್ ರೇಸ್ ಇರುತ್ತಲ್ಲ, ಕಾಲು ಕೆಳಗಿಡದೆ ಕೊನೆಗೆ ಬಂದೋನು ಗೆದ್ದ ಅಂತ, ಅಲ್ಲಿಂದಾನೇ ಶುರು ಮಾಡಿ. ಕಾಫಿ ಒಣಗಿಸೋ ಕಣ ಸೆಪ್ಟೆಂಬರ್ ಅಕ್ಟೋಬರಲ್ಲಿ ಖಾಲಿ ಇರುತ್ತೆ, ಮಟ್ಟವಾಗಿರೋ ಸಿಮೆಂಟ್ ನೆಲ, ಇದಕ್ಕಿಂತ ಒಳ್ಳೇ ಗ್ರೌಂಡ್ ಬೇರೆ ಎಲ್ಲೂ ಸಿಗಲ್ಲ. ಮಳೆಗಾಲದ ಪಾಚಿ ಇದ್ರೆ ಮೊದಲು ಉಜ್ಜಿ ತೆಗೀರಿ. ಕಣದ ಈ ತುದಿಯಿಂದ ಆ ತುದಿಗೆ ಎಷ್ಟು ನಿಧಾನಕ್ಕೆ ಆಗುತ್ತೋ ಅಷ್ಟು ನಿಧಾನಕ್ಕೆ ಹೋಗಿ, ಒಂದು ವಾರ ದಿನಾ ಹತ್ತು ನಿಮಿಷ. ಬ್ಯಾಲೆನ್ಸ್ ಅನ್ನೋದು ವೇಗದಿಂದ ಬರಲ್ಲ ಅಂತ ಮೈಗೆ ಗೊತ್ತಾಗೋದು ಇಲ್ಲೇ.

ಆಮೇಲೆ ಎದ್ದು ನಿಲ್ಲೋದು. ಇಳಿಜಾರಲ್ಲಿ ಸೀಟಿನ ಮೇಲೆ ಕೂರಬಾರ್ದು. ಎರಡೂ ಪೆಡ್ಲು ನೆಲಕ್ಕೆ ಸಮ, ತೂಕ ಎಲ್ಲಾ ಪಾದದ ಮೇಲೆ, ಮೊಣಕಾಲು ಮೊಣಕೈ ಎರಡೂ ಬಗ್ಗಿ, ಮೊಣಕೈ ಹೊರಗೆ, ಸೊಂಟ ಸ್ವಲ್ಪ ಹಿಂದೆ. ಕೈ ಮೇಲೆ ಭಾರ ಇದೆಯಾ ಅಂತ ನೋಡೋಕೆ ಒಂದು ಉಪಾಯ, ಆ ಭಂಗಿಯಲ್ಲಿ ನಿಧಾನಕ್ಕೆ ಹೋಗ್ತಾ ಬೆರಳನ್ನ ಪಿಯಾನೋ ಬಾರಿಸೋ ಥರ ಆಡಿಸಿ, ಆಡಿದ್ರೆ ಸರಿ ಇದೀರ.

ಬ್ರೇಕಿಗೆ ಎರಡೂ ಕೈಯಲ್ಲಿ ಒಂದೊಂದೇ ಬೆರಳು, ತೋರುಬೆರಳು, ಉಳಿದ ಬೆರಳು ಹ್ಯಾಂಡಲ್ ಮೇಲೆ. ಲಿವರನ್ನ ಒಳಗಡೆ ಸರಿಸಿ ತೋರುಬೆರಳು ಅದರ ತುದೀಲಿ ಕೂರೋ ಹಾಗೆ ಮಾಡ್ಕೊಳ್ಳಿ. ನಮ್ಮಲ್ಲಿ ಎಲ್ಲರಿಗೂ ಮುಂದಿನ ಬ್ರೇಕು ಅಂದ್ರೆ ಭಯ, ಚಿಕ್ಕೋರಿದ್ದಾಗಿಂದ ಮುಂದಿಂದು ಹಿಡೀಬೇಡ ಪಲ್ಟಿ ಹೊಡೀತಿ ಅಂತ ಹೇಳಿ ಹೇಳಿ ಬೆಳೆಸಿರ್ತಾರೆ. ಆದ್ರೆ ಬೈಕನ್ನ ನಿಲ್ಲಿಸೋ ಶಕ್ತಿ ಬಹುಪಾಲು ಮುಂದಿನ ಬ್ರೇಕಲ್ಲೇ ಇರೋದು, ಯಾಕಂದ್ರೆ ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ಬರುತ್ತೆ, ಹಿಂದಿನ ಚಕ್ರ ಹಗುರಾಗುತ್ತೆ, ಹಗುರಾದ ಚಕ್ರ ಬೇಗ ಲಾಕ್ ಆಗಿ ಜಾರುತ್ತೆ. ಪಲ್ಟಿ ಆಗೋದು ಮುಂದಿನ ಬ್ರೇಕು ಹಿಡಿದಿದ್ದಕ್ಕಲ್ಲ, ಸೊಂಟ ಮುಂದೆ ಇಟ್ಕೊಂಡು ಗಬಕ್ಕಂತ ಹಿಡಿದಿದ್ದಕ್ಕೆ. ಹಿಂಡ್ಬೇಕು, ಎಳೀಬಾರ್ದು.

ಕಲಿಯೋದು ಹೀಗೆ. ಹುಲ್ಲಿರೋ ಸಣ್ಣ ಇಳಿಜಾರು ಹುಡುಕಿ, ಕೆಳಗೆ ಒಂದು ಕೋಲು ಅಡ್ಡ ಇಡಿ. ಮೊದಲು ಹಿಂದಿನ ಬ್ರೇಕು ಮಾತ್ರ ಹಿಡಿದು ಎಲ್ಲಿ ನಿಲ್ತೀರ ನೋಡಿ. ಆಮೇಲೆ ಮುಂದಿನದು ಮಾತ್ರ, ಮೆಲ್ಲಗೆ. ಆಮೇಲೆ ಎರಡೂ. ನಿಲ್ಲೋ ದೂರ ಎಷ್ಟು ಕಮ್ಮಿ ಆಯ್ತು ಅಂತ ಕಣ್ಣಿಗೇ ಕಾಣುತ್ತೆ. ಆ ಪಿಯುಸಿ ಹುಡುಗನಿಗೆ ಮೂರು ವಾರ ಬರೀ ಇದನ್ನೇ ಮಾಡಿಸಿದೆ, ಮೊದಲ ವಾರ ಮುಖ ಊದಿಸ್ಕೊಂಡಿದ್ದ, ಏರು ಯಾವಾಗ ಅಣ್ಣ ಅಂತ ದಿನಾ ಕೇಳ್ತಿದ್ದ. ಮೂರನೇ ವಾರ ಕೆರೆ ಇಳಿಜಾರಿಗೆ ಕರ್ಕೊಂಡು ಹೋದಾಗ ಅವನ ಹಿಂದಿನ ಚಕ್ರ ಒಂದೇ ಒಂದು ಕಡೆ ಗೀರು ಬಿಟ್ಟಿತ್ತು, ಮೊದಲು ಮೇಲಿಂದ ಕೆಳಗಿನ ತನಕ ಉದ್ದಕ್ಕೂ ಒಂದೇ ಗೆರೆ ಇರ್ತಿತ್ತು.

ಇನ್ನು ಮೂರು ಮಾತು ನೆನಪಿಡಿ. ತಿರುವಿಗೆ ಮೊದಲೇ ಬ್ರೇಕು ಮುಗಿಸಿ, ತಿರುವಿನ ಒಳಗೆ ಬಿಡಿ. ಒದ್ದೆ ಬೇರಿನ ಮೇಲೆ ಬ್ರೇಕು ಮುಟ್ಟಬೇಡಿ, ಅದಕ್ಕೆ ಮೊದಲು ನಿಧಾನ ಮಾಡ್ಕೊಂಡು ಬೇರಿಗೆ ನೇರ ಅಡ್ಡಕ್ಕೆ ದಾಟಿ, ಓರೆಯಾಗಿ ಹೋದ್ರೆ ಚಕ್ರ ಬೇರಿನ ಉದ್ದಕ್ಕೂ ಜಾರುತ್ತೆ. ಕಣ್ಣು ಚಕ್ರದ ಹತ್ರ ಅಲ್ಲ, ಹತ್ತು ಮೀಟರ್ ಮುಂದೆ ಇರ್ಬೇಕು, ಬೀಳಬಾರ್ದು ಅಂತ ಯಾವ ಕಲ್ಲನ್ನ ನೋಡ್ತೀರೋ ಬೈಕು ಅದೇ ಕಲ್ಲಿಗೆ ಹೋಗುತ್ತೆ.

ಮತ್ತೆ ಸಿಲ್ವರ್ ಓಕ್ ಎಲೆ ಬಗ್ಗೆ ಹೇಳಲೇಬೇಕು. ಒಣಗಿದ ಎಲೆ ದಾರಿ ತುಂಬಾ ಬಿದ್ದಿರುತ್ತೆ, ನೋಡೋಕೆ ಚಾಪೆ ಹಾಸಿದ ಹಾಗಿರುತ್ತೆ, ಕೆಳಗೆ ಬೇರಿದೆಯೋ ಹೊಂಡ ಇದೆಯೋ ಗೊತ್ತಾಗಲ್ಲ, ಒಂದರ ಮೇಲೊಂದು ಎಲೆ ಜಾರ್ತಾ ಚಕ್ರಾನೂ ಕರ್ಕೊಂಡು ಹೋಗುತ್ತೆ. ಅಲ್ಲಿ ಬೈಕನ್ನ ವಾಲಿಸಬೇಡಿ, ನೆಟ್ಟಗೆ ಇಟ್ಕೊಂಡು ದಾಟಿ.

ಎಲ್ಲಿ ಓಡಿಸೋದು

ತೋಟದ ದಾರಿ ನಮಗೆ ದೇವರು ಕೊಟ್ಟ ಟ್ರ್ಯಾಕು, ಆದ್ರೆ ಅದು ಯಾರದೋ ಜಾಗ. ಓನರನ್ನೋ, ತೋಟದ ಲೆಕ್ಕ ನೋಡ್ಕೊಳ್ಳೋ ರೈಟರನ್ನೋ ಮೊದಲು ಕೇಳಿ, ಒಂದ್ಸಲ ಮುಖ ಪರಿಚಯ ಆದ್ರೆ ಯಾರೂ ಬೇಡ ಅನ್ನಲ್ಲ. ನವೆಂಬರಿಂದ ಮಾರ್ಚ್ ತನಕ, ಮೊದಲು ಅರೇಬಿಕಾ ಆಮೇಲೆ ರೊಬಸ್ಟಾ, ಕುಯ್ಲು ನಡೀತಾ ಇರುತ್ತೆ, ತಿರುವಿನ ಆಚೆ ಮೂಟೆ ಹೊತ್ತುಕೊಂಡಿರೋ ಹೆಂಗಸರು ಬರ್ತಿರ್ತಾರೆ, ಟ್ರ್ಯಾಕ್ಟರ್ ಬರುತ್ತೆ. ಆ ತಿಂಗಳಲ್ಲಿ ಭಾನುವಾರ ಬೆಳಗ್ಗೆ ಮಾತ್ರ ಹೋಗಿ, ಜನ ಕಂಡ್ರೆ ಇಳಿದು ತಳ್ಳಿಕೊಂಡು ಹೋಗಿ. ತೋಟದ ಬಾಯಲ್ಲಿ ಎರಡು ಕಲ್ಲುಕಂಬದ ಮಧ್ಯೆ ಸರಪಳಿ ಕಟ್ಟಿರ್ತಾರೆ, ಸಂಜೆ ಬೆಳಕಲ್ಲಿ ಅದು ಕಾಣಲ್ಲ, ಎದೆ ಮಟ್ಟಕ್ಕೆ ಬರುತ್ತೆ, ಹೊಸ ದಾರೀಲಿ ಯಾವತ್ತೂ ಮೊದಲ ಸಲ ನಿಧಾನಕ್ಕೆ ಹೋಗಿ ನೋಡ್ಕೊಂಡು ಬನ್ನಿ. ಸೋಲಾರ್ ಬೇಲಿ ಹತ್ರ ಬಿದ್ರೆ ತಂತಿ ಮುಟ್ಟದ ಹಾಗೆ ಏಳಿ.

ಆನೆ. ಇದರಲ್ಲಿ ಧೈರ್ಯ ತೋರಿಸೋಕೆ ಹೋಗ್ಬೇಡಿ. ಸಂಜೆ ಐದರ ಮೇಲೆ, ಬೆಳಗ್ಗೆ ಬೆಳಕು ಹರಿಯೋ ಮೊದಲು ತೋಟದ ಒಳಗೆ ಸೈಕಲ್ ಬೇಡ, ಸೈಕಲ್ ಸದ್ದೇ ಮಾಡಲ್ಲ ಅನ್ನೋದೇ ಅಪಾಯ, ತಿರುವಲ್ಲಿ ನೀವು ಅದರ ಎದುರಿಗೇ ಹೋಗಿ ನಿಂತಿರ್ತೀರ. ಹಸಿ ಲದ್ದಿ ಕಂಡ್ರೆ, ಹಲಸಿನ ಕಾಲದಲ್ಲಿ ಹಣ್ಣಿನ ವಾಸನೆ ಬಂದ್ರೆ ವಾಪಸ್ ಬನ್ನಿ. ಲೈನ್ ಮನೇಲಿರೋ ತೋಟದ ಕೆಲಸದವರನ್ನ ಕೇಳಿದ್ರೆ ನಿನ್ನೆ ರಾತ್ರಿ ಯಾವ ಕಡೆ ಇತ್ತು ಅಂತ ಅವರಿಗೆ ಗೊತ್ತಿರುತ್ತೆ.

ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಇವೆಲ್ಲಾ ಸಂರಕ್ಷಿತ ಕಾಡು, ಅರಣ್ಯ ಇಲಾಖೆ ಅನುಮತಿ ಇಲ್ದೆ ಒಳಗೆ ಹೋಗೋ ಹಾಗಿಲ್ಲ. ಮಾಂದಲಪಟ್ಟಿ ಜೀಪ್ ದಾರಿ ಕಲ್ಲು ಇಳಿಜಾರಿನ ಅಭ್ಯಾಸಕ್ಕೆ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ವೀಕೆಂಡಲ್ಲಿ ಜೀಪುಗಳ ಮಧ್ಯೆ ಸಿಕ್ಕಿಹಾಕೊಳ್ತೀರ, ಹೊಸಬರಿಗೆ ನಾನು ಹೇಳಲ್ಲ. ಜೂನಿಂದ ಆಗಸ್ಟ್ ತನಕ ಜೋರು ಮಳೇಲಿ ಮಣ್ಣಿನ ದಾರಿ ಬಿಟ್ಟುಬಿಡಿ, ನೀವೂ ಬೀಳ್ತೀರ, ಚಕ್ರದ ಗೀರಲ್ಲಿ ನೀರು ಹರಿದು ದಾರೀನೂ ಕೊರೆದು ಹೋಗುತ್ತೆ. 2018ರ ಆಗಸ್ಟಲ್ಲಿ ಮಕ್ಕಂದೂರು ಕಡೆ ಗುಡ್ಡ ಕುಸಿದಿದ್ದನ್ನ ನೋಡಿದವರಿಗೆ ನಮ್ಮ ಮಣ್ಣು ಎಂಥದ್ದು ಅಂತ ಹೇಳಬೇಕಾಗಿಲ್ಲ. ಆ ಮೂರು ತಿಂಗಳು ಟಾರ್ ರೋಡು, ಮನೇಲಿ ಒಂದಿಷ್ಟು ಬಸ್ಕಿ. ಜಿಗಣೆಗೆ ಸಾಕ್ಸಿನ ಮೇಲೆ ಉಪ್ಪೋ ಸುಣ್ಣವೋ ಹಚ್ಚಿ.

ಫೋನಿಗೆ ಟವರ್ ಸಿಗಲ್ಲ ತುಂಬಾ ಕಡೆ. ಯಾವ ದಾರೀಲಿ ಹೋಗ್ತೀನಿ, ಎಷ್ಟೊತ್ತಿಗೆ ಬರ್ತೀನಿ ಅಂತ ಮನೇಲಿ ಹೇಳಿ ಹೋಗಿ, ಕುತ್ತಿಗೇಲಿ ಒಂದು ಸೀಟಿ ಇರಲಿ.

ಎಂಟು ವಾರದ ತಯಾರಿ

ಆಗಲೇ ಅರ್ಧ ಗಂಟೆ ನಿಲ್ಲಿಸದೆ ತುಳಿಯೋಕೆ ಬರೋರಿಗೆ ಎಂಟು ವಾರ ಸಾಕು. ವಾರಕ್ಕೆ ನಾಲ್ಕು ದಿನ. ಎರಡು ದಿನ ಪಕ್ಕದೋರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗೋ ಅಷ್ಟು ನಿಧಾನಕ್ಕೆ, ಒಂದು ದಿನ ಒಂದು ಗಂಟೆ, ಭಾನುವಾರ ಎರಡು ಗಂಟೆ. ಒಂದು ದಿನ ಏರು, ಮೂರು ನಾಲ್ಕು ನಿಮಿಷ ಹಿಡಿಯೋ ಏರನ್ನ ಜೋರಾಗಿ ನಾಲ್ಕು ಸಲ ಹತ್ತಿ, ಪ್ರತಿ ಸಲ ನಿಧಾನಕ್ಕೆ ಇಳಿದು ಉಸಿರು ಸರಿ ಮಾಡ್ಕೊಳ್ಳಿ. ಇನ್ನೊಂದು ದಿನ ಬರೀ ಮೇಲೆ ಹೇಳಿದ ಬ್ರೇಕು, ತಿರುವು. ನಾಲ್ಕನೇ ವಾರ ಎಲ್ಲಾ ಅರ್ಧಕ್ಕೆ ಇಳಿಸಿ, ರೇಸಿನ ವಾರಾನೂ ಹಾಗೇ. ನಮ್ಮ ಹುಡುಗರು ರೇಸಿಗೆ ಮೂರು ದಿನ ಇರೋವಾಗ ಇನ್ನೂ ಒಂದು ದೊಡ್ಡ ರೈಡ್ ಹೊಡೀತೀನಿ ಅಂತಾರೆ, ಅದರಿಂದ ಸುಸ್ತು ಬಿಟ್ಟು ಇನ್ನೇನೂ ಸಿಗಲ್ಲ.

ರಿಪೇರಿ ಕೂಡ ಅಭ್ಯಾಸಾನೇ. ಟ್ಯೂಬು ಬದಲಾಯಿಸೋದನ್ನ ಮನೆ ಜಗಲೀಲಿ ಐದು ಸಲ ಮಾಡಿ, ಕೈ ಒದ್ದೆ ಮಾಡ್ಕೊಂಡು ಒಂದ್ಸಲ ಮಾಡಿ. ಸೀಟಿನ ಕೆಳಗೆ ಒಂದು ಟ್ಯೂಬು, ಎರಡು ಟೈರ್ ಲಿವರು, ಸಣ್ಣ ಪಂಪು, ಮಲ್ಟಿ ಟೂಲು, ತುಂಡಾದ ಚೈನನ್ನ ಜೋಡಿಸೋಕೆ ನಿಮ್ಮ ಚೈನಿಗೆ ಕೂರೋ ಕ್ವಿಕ್ ಲಿಂಕು ಒಂದು. ರೇಸಲ್ಲಿ ಏನಾದ್ರೂ ಕೆಟ್ರೆ ಹೊರಗಿನವರ ಸಹಾಯ ತಗೊಳ್ಳೋಕೆ ಫೀಡ್ ಝೋನ್, ಟೆಕ್ನಿಕಲ್ ಝೋನ್ ಅಂತ ಗುರುತು ಮಾಡಿರೋ ಜಾಗದಲ್ಲಿ ಮಾತ್ರ ಅವಕಾಶ, ಉಳಿದ ಕಡೆ ನಿಮ್ಮ ಕೈ ನಿಮ್ಮ ಬ್ಯಾಗು.

ರೇಸಿನ ಹಿಂದಿನ ದಿನ, ರೇಸಿನ ದಿನ

ಹಿಂದಿನ ದಿನ ಟ್ರ್ಯಾಕ್ ತೆರೆದಿದ್ರೆ ಮೊದಲ ಸುತ್ತು ಬೈಕ್ ಇಲ್ದೆ ನಡೀರಿ. ಅಪಾಯದ ಜಾಗದಲ್ಲಿ ಸಾಮಾನ್ಯವಾಗಿ ಎರಡು ಲೈನ್ ಇರುತ್ತೆ, ಎ ಲೈನ್ ಚಿಕ್ಕದು ಕಷ್ಟ, ಬಿ ಲೈನ್ ಸುತ್ತು ಜಾಸ್ತಿ ಸುಲಭ. ಹೊಸಬರು ಬಿ ಲೈನೇ ತಗೊಳ್ಳಿ, ಬಿದ್ದು ಏಳೋ ಟೈಮಿಗಿಂತ ಅದು ಯಾವಾಗ್ಲೂ ಕಮ್ಮಿ. ಎಲ್ಲಿ ಬ್ರೇಕು ಹಿಡೀಬೇಕು ಅಂತ ಒಂದೊಂದು ಇಳಿಜಾರಿಗೂ ಒಂದು ಗುರುತು ಇಟ್ಕೊಳ್ಳಿ, ಮರ, ಕಲ್ಲು, ಏನಾದ್ರೂ. ಆಮೇಲೆ ಬೈಕಲ್ಲಿ ನಿಧಾನಕ್ಕೆ ಎರಡು ಸುತ್ತು, ಸಾಕು.

ಬೆಳಗ್ಗೆ ರೇಸಿಗೆ ಮೂರು ಗಂಟೆ ಮೊದಲೇ ತಿಂಡಿ ಮುಗಿಸಿ. ನೂಪುಟ್ಟು, ಕಡಂಬುಟ್ಟು, ಇಡ್ಲಿ, ಬಾಳೆಹಣ್ಣು, ಅಭ್ಯಾಸ ಇದ್ರೆ ಒಂದು ಕಾಫಿ. ಪಂದಿ ಕರಿ ಸಂಜೆಗೆ ಇಟ್ಟಿರಲಿ, ಎಣ್ಣೆ ಮಾಂಸ ಜೀರ್ಣ ಆಗೋಕೆ ಟೈಮ್ ಬೇಕು. ಒಂದು ಗಂಟೆ ಮೀರಿದ ರೇಸಾದ್ರೆ ಬಾಟ್ಲೀಲಿ ಓಆರ್‌ಎಸ್, ಗಂಟೆಗೆ ಅರ್ಧ ಲೀಟರ್ ಲೆಕ್ಕ, ಸೆಕೆಗೆ ಇನ್ನೂ ಜಾಸ್ತಿ. ರೇಸಿನ ದಿನ ಹೊಸ ಜೆಲ್ಲು, ಹೊಸ ಶೂ ಏನೂ ಪ್ರಯೋಗ ಮಾಡ್ಬೇಡಿ.

ಶುರುವಾಗೋಕೆ ಮೊದಲು ಇಪ್ಪತ್ತು ನಿಮಿಷ ವಾರ್ಮ್ ಅಪ್ ಮಾಡಿ, ಕೊನೇಲಿ ಎರಡು ಮೂರು ಸಲ ಹತ್ತು ಸೆಕೆಂಡ್ ಜೋರಾಗಿ ತುಳೀರಿ. ಎಕ್ಸ್‌ಸಿ ರೇಸಲ್ಲಿ ಮೊದಲ ಎರಡು ನಿಮಿಷವೇ ಎಲ್ಲಕ್ಕಿಂತ ಜೋರು, ಯಾಕಂದ್ರೆ ಅಗಲ ದಾರಿ ಮುಗಿದು ಸಿಂಗಲ್ ಟ್ರ್ಯಾಕ್, ಅಂದ್ರೆ ಒಂದೇ ಬೈಕ್ ಹಿಡಿಯೋ ಕಿರಿದಾದ ದಾರಿ, ಶುರುವಾದ ಮೇಲೆ ಓವರ್‌ಟೇಕ್ ಕಷ್ಟ, ಅದಕ್ಕೆ ಎಲ್ಲರೂ ಮುಂದೆ ನುಗ್ತಾರೆ. ನೀವು ಆ ನೂಕಾಟಕ್ಕೆ ಹೋಗ್ಬೇಡಿ, ಹಿಂದಿನ ಸಾಲಲ್ಲಿ ಪಕ್ಕಕ್ಕೆ ನಿಂತ್ಕೊಳ್ಳಿ. ಮುಂದೆ ಯಾರೋ ಬಿದ್ದು ಜಾಮ್ ಆದ್ರೆ ಇಳಿದು ಬೈಕ್ ಎತ್ಕೊಂಡು ಓಡಿ, ಓಡೋಕೆ ನಿಯಮದಲ್ಲಿ ಅವಕಾಶ ಇದೆ. ದಾರಿ ತಪ್ಪಿ ಟೇಪಿನ ಆಚೆ ಹೋದ್ರೆ ಎಲ್ಲಿಂದ ಹೊರಗೆ ಹೋದ್ರೋ ಅಲ್ಲೇ ವಾಪಸ್ ಒಳಗೆ ಬರ್ಬೇಕು.

ಹಿಂದಿಂದ ಯಾರಾದ್ರೂ ಕೂಗಿದ್ರೆ ಗಾಬರಿಯಾಗಿ ಅಲ್ಲೇ ನಿಲ್ಲಬೇಡಿ, ನಿಮ್ಮ ಲೈನಲ್ಲೇ ಹೋಗ್ತಾ ಅಗಲ ಸಿಕ್ಕಿದ ತಕ್ಷಣ ಪಕ್ಕಕ್ಕೆ ಸರೀರಿ. ನೀವು ದಾಟೋವಾಗ ಎಡಕ್ಕೋ ಬಲಕ್ಕೋ ಅಂತ ಮೊದಲೇ ಕೂಗಿ ಹೇಳಿ. ದೊಡ್ಡ ರೇಸಲ್ಲಿ ಶೇಕಡಾ 80ರ ನಿಯಮ ಅಂತ ಇದೆ, ಮುಂದಾಳು ಮೊದಲ ಸುತ್ತಿಗೆ ತಗೊಂಡ ಟೈಮಿನ 80 ಭಾಗದಷ್ಟು ನೀವು ಹಿಂದೆ ಬಿದ್ರೆ ಟ್ರ್ಯಾಕಿಂದ ಹೊರಗೆ ಕರೀತಾರೆ, ಉದಾಹರಣೆಗೆ ಅವನಿಗೆ 15 ನಿಮಿಷ ಆಗಿದ್ರೆ ನೀವು 12 ನಿಮಿಷ ಹಿಂದೆ ಬಿದ್ದಾಗ. ಅದು ಅವಮಾನ ಅಲ್ಲ, ನೀವು ಮುಂದಿನವರಿಗೆ ಅಡ್ಡ ಆಗಬಾರ್ದು ಅಂತ ಇರೋ ವ್ಯವಸ್ಥೆ, ಎಷ್ಟನೇ ಜಾಗ ಅಂತ ರಿಸಲ್ಟಲ್ಲಿ ಹೆಸರೂ ಬರುತ್ತೆ.

ತಲೆಗೆ ಪೆಟ್ಟು ಬಿದ್ದು ಮಂಕಾದ್ರೆ, ವಾಂತಿ ಬಂದ ಹಾಗಾದ್ರೆ ಅಲ್ಲೇ ನಿಲ್ಲಿಸಿ, ದಾರೀಲಿ ನಿಂತಿರೋ ರೇಸಿನ ಮಾರ್ಷಲ್ಲಿಗೆ ಹೇಳಿ. ಇನ್ನೊಂದು ಸುತ್ತು ಅಷ್ಟೇ ಅಲ್ವಾ ಅನ್ನಬೇಡಿ.

ಮನೆಗೆ ಬಂದ ಮೇಲೆ ಕೆಸರು ಒಣಗೋ ಮೊದಲು ಬೈಕ್ ತೊಳೀರಿ, ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ವಾಟರ್ ಬೇಡ, ಬೇರಿಂಗ್ ಒಳಗಿನ ಗ್ರೀಸು ಹೋಗುತ್ತೆ, ಬಕೆಟ್ಟು ಬ್ರಷ್ಷು ಸಾಕು. ಚೈನು ಒರೆಸಿ, ಪ್ರತಿ ಕೊಂಡಿಗೂ ಒಂದೊಂದು ಹನಿ ಲೂಬ್ ಬಿಟ್ಟು ಮೇಲಿಂದ ಪೂರ್ತಿ ಒರೆಸಿ ತೆಗೀರಿ, ಡಿಸ್ಕಿಗೆ ಮಾತ್ರ ಒಂದು ಹನೀನೂ ತಾಗಬಾರ್ದು. ಕೊನೆಗೆ ಚಕ್ರ ಬಿಚ್ಚಿ ಬ್ರೇಕ್ ಪ್ಯಾಡು ತೆಗೆದು ಬೆಳಕಿಗೆ ಹಿಡೀರಿ, ಕೆಂಪು ಮಣ್ಣಿನ ಕೆಸರಲ್ಲಿ ಒಂದೇ ರೇಸಿಗೆ ಪ್ಯಾಡು ಅರ್ಧ ಸವೆದಿರೋದನ್ನ ನಾನೇ ನೋಡಿದೀನಿ, ಸವೆಯೋ ಭಾಗ ಒಂದು ಮಿಲಿಮೀಟರಿಗಿಂತ ಕಮ್ಮಿ ಇದ್ರೆ ಹೊಸದು ಹಾಕಿದ ಮೇಲೇನೇ ಮುಂದಿನ ರೈಡ್.